ಮೈದಾನದ ಒಗಟು, ಪರದೆಯ ಅಂಕಿ: ವಿಲಕ್ಷಣ ಶೈಲಿಯ ಬೌಲರ್‌ಗಳನ್ನು ವಿಡಿಯೋ ಗೇಮ್‌ನಲ್ಲಿ ಬಳಸುವ ಬಗೆ

ಕ್ರಿಕೆಟ್ ವಿಡಿಯೋ ಗೇಮ್ ಆಡುವವರು ಹನ್ನೊಂದು ಮಂದಿಯ ತಂಡವನ್ನು ಆರಿಸುವಾಗ ಮೊದಲು ಗಮನಿಸುವುದು ಬೌಲರ್‌ಗಳ ಹೆಸರಿನ ಮುಂದೆ ನಮೂದಾಗಿರುವ ಅಂಕಿಗಳನ್ನು. ವೇಗ ಎಷ್ಟು, ತಿರುವು ಎಷ್ಟು, ನಿಖರತೆ ಎಷ್ಟು ಎಂಬುದನ್ನು ನೋಡಿ ಹೆಚ್ಚು ಅಂಕಿ ಇರುವವನನ್ನು ತಂಡಕ್ಕೆ ಸೇರಿಸಿಕೊಂಡು, ಕಡಿಮೆ ಇರುವವನನ್ನು ಬದಿಗಿಡುವುದು ವಾಡಿಕೆ. ಆದರೆ ಭಾರತಕ್ಕೆ ಅತಿ ದೊಡ್ಡ ಗೆಲುವುಗಳನ್ನು ತಂದುಕೊಟ್ಟ ಕರ್ನಾಟಕದ ಇಬ್ಬರು ಬೌಲರ್‌ಗಳು ಇಂಥ ಕೋಷ್ಟಕಕ್ಕೆ ಸುಲಭವಾಗಿ ಒಗ್ಗುವವರಲ್ಲ. ಒಬ್ಬರು ಪೋಲಿಯೋದಿಂದ ಸೊರಗಿದ ತೋಳಿನಲ್ಲಿ ಚೆಂಡೆಸೆದ ಮೈಸೂರಿನ ಬಿ.ಎಸ್. ಚಂದ್ರಶೇಖರ್. ಇನ್ನೊಬ್ಬರು ಚೆಂಡನ್ನು ಹೆಚ್ಚು ತಿರುಗಿಸದೆಯೇ 619 ಟೆಸ್ಟ್ ವಿಕೆಟ್ ಪಡೆದ ಲೆಗ್‌ಸ್ಪಿನ್ನರ್ ಅನಿಲ್ ಕುಂಬ್ಳೆ.

ವಿಲಕ್ಷಣ ಶೈಲಿಯ ಬೌಲರ್‌ನ ನಿಜವಾದ ಅಸ್ತ್ರ ವೇಗವೂ ಅಲ್ಲ, ತಿರುವೂ ಅಲ್ಲ. ಎದುರಿಗಿರುವ ಬ್ಯಾಟ್ಸ್‌ಮನ್‌ನ ಕಣ್ಣು ವರ್ಷಗಳ ಅಭ್ಯಾಸದಿಂದ ಏನನ್ನು ನಿರೀಕ್ಷಿಸುತ್ತದೆಯೋ ಅದನ್ನು ಸುಳ್ಳಾಗಿಸುವುದೇ ಅವನ ಅಸ್ತ್ರ. ಈ ಒಂದು ಅಂಶವನ್ನು ಅರಿತವರು ಗೇಮ್‌ನಲ್ಲಿಯೂ ಇಂಥ ಬೌಲರ್‌ಗಳನ್ನು ಜಾಣತನದಿಂದ ಬಳಸಬಲ್ಲರು. ಅರಿಯದವರಿಗೆ ಅದೇ ಬೌಲರ್ ನಿಷ್ಪ್ರಯೋಜಕನಾಗಿ ಕಾಣುತ್ತಾನೆ.

ವಿಲಕ್ಷಣ ಶೈಲಿ ಎಂದರೇನು?

ಕ್ರಿಕೆಟ್‌ನಲ್ಲಿ ತರಬೇತುದಾರರು ಕಲಿಸುವ ಬೌಲಿಂಗ್ ಶೈಲಿಗೆ ಒಂದು ಮಾದರಿ ಇದೆ. ತೋಳು ಕಿವಿಯ ಪಕ್ಕದಿಂದ ಎತ್ತರವಾಗಿ ಸುತ್ತಬೇಕು, ತಲೆ ನೆಟ್ಟಗಿರಬೇಕು, ಚೆಂಡು ಕೈಬಿಡುವ ಜಾಗ ಪ್ರತಿ ಬಾರಿಯೂ ಒಂದೇ ಆಗಿರಬೇಕು. ಈ ಮಾದರಿಯಿಂದ ಯಾವುದಾದರೂ ಒಂದು ಅಂಶದಲ್ಲಿ ಎದ್ದು ಕಾಣುವಂತೆ ದೂರ ಸರಿದವರನ್ನು ವಿಲಕ್ಷಣ ಶೈಲಿಯವರೆಂದು ಗುರುತಿಸಬಹುದು.

ಶ್ರೀಲಂಕಾದ ಲಸಿತ್ ಮಾಲಿಂಗ ತೋಳನ್ನು ಬದಿಗೆ ಚಾಚಿ, ಕವಣೆ ಬೀಸಿದಂತೆ ಚೆಂಡೆಸೆಯುತ್ತಿದ್ದರು. 2007ರ ವಿಶ್ವಕಪ್‌ನಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಸತತ ನಾಲ್ಕು ಎಸೆತಗಳಲ್ಲಿ ನಾಲ್ಕು ವಿಕೆಟ್ ಪಡೆದ ಅವರು, 2019ರಲ್ಲಿ ನ್ಯೂಜಿಲೆಂಡ್ ವಿರುದ್ಧ ಅದೇ ಸಾಧನೆಯನ್ನು ಮತ್ತೆ ಮಾಡಿದರು. ದಕ್ಷಿಣ ಆಫ್ರಿಕಾದ ಎಡಗೈ ಸ್ಪಿನ್ನರ್ ಪಾಲ್ ಆಡಮ್ಸ್ ಚೆಂಡು ಬಿಡುವ ಕ್ಷಣದಲ್ಲಿ ಮುಖವನ್ನು ಆಕಾಶದತ್ತ ತಿರುಗಿಸಿ, ಇಡೀ ದೇಹವನ್ನು ಮಡಚಿಕೊಳ್ಳುತ್ತಿದ್ದರು. ಪಾಕಿಸ್ತಾನದ ಸೊಹೈಲ್ ತನ್ವೀರ್ ಸಾಮಾನ್ಯ ರೀತಿಗೆ ವಿರುದ್ಧವಾಗಿ 'ತಪ್ಪು' ಕಾಲಿನ ಮೇಲೆ ನಿಂತು ಎಸೆದೇ 2008ರ ಮೊದಲ ಐಪಿಎಲ್‌ನಲ್ಲಿ ಅತಿ ಹೆಚ್ಚು ವಿಕೆಟ್ ಪಡೆದರು. ಕರ್ನಾಟಕ ಪ್ರೀಮಿಯರ್ ಲೀಗ್‌ನ ಹುಬ್ಬಳ್ಳಿ ಟೈಗರ್ಸ್ ತಂಡದಲ್ಲಿ ಗಮನ ಸೆಳೆದು, 2016ರಲ್ಲಿ ಗುಜರಾತ್ ಲಯನ್ಸ್ ಪರವಾಗಿ ಐಪಿಎಲ್ ಆಡಿದ ಎಡಗೈ ಸ್ಪಿನ್ನರ್ ಶಿವಿಲ್ ಕೌಶಿಕ್ ಅವರ ಶೈಲಿಯನ್ನು ಕಂಡವರೆಲ್ಲ ಆಡಮ್ಸ್ ಅವರನ್ನೇ ನೆನೆದರು.

ವಿಲಕ್ಷಣವೆಂದರೆ ನಿಯಮಬಾಹಿರ ಎಂದಲ್ಲ. ಮೊಣಕೈ 15 ಡಿಗ್ರಿಗಿಂತ ಹೆಚ್ಚು ನೇರವಾಗದಿದ್ದರೆ ಎಸೆತ ಸಕ್ರಮ ಎಂಬುದು ಅಂತಾರಾಷ್ಟ್ರೀಯ ಕ್ರಿಕೆಟ್ ಮಂಡಳಿ 2005ರಿಂದ ಎಲ್ಲ ಬೌಲರ್‌ಗಳಿಗೂ ಅನ್ವಯಿಸಿರುವ ಮಿತಿ. ಆದರೆ ಕೆಳಗೈ ಎಸೆತದ ಕಥೆ ಬೇರೆ. 1981ರ ಫೆಬ್ರವರಿ 1ರಂದು ಮೆಲ್ಬರ್ನ್‌ನಲ್ಲಿ ಆಸ್ಟ್ರೇಲಿಯಾದ ಟ್ರೆವರ್ ಚಾಪೆಲ್ ಪಂದ್ಯದ ಕೊನೆಯ ಚೆಂಡನ್ನು ನೆಲದ ಮೇಲೆ ಉರುಳಿಸಿದ ಪ್ರಸಂಗ ಕುಖ್ಯಾತಿ ಪಡೆಯಿತು. 2000ದ ನಿಯಮಾವಳಿಯಲ್ಲಿ, ಪಂದ್ಯಕ್ಕೆ ಮುನ್ನ ವಿಶೇಷ ಒಪ್ಪಂದವಿಲ್ಲದಿದ್ದರೆ ಕೆಳಗೈ ಎಸೆತ ಸಲ್ಲದು ಎಂದೇ ಬರೆಯಲಾಯಿತು.

ಅರ್ಧ ಸೆಕೆಂಡಿನ ಲೆಕ್ಕ

ಇಂಥ ಶೈಲಿ ಏಕೆ ಫಲ ಕೊಡುತ್ತದೆ ಎಂಬುದನ್ನು ತಿಳಿಯಲು ಸರಳ ಲೆಕ್ಕವೊಂದು ಸಾಕು. ಪಿಚ್‌ನ ಎರಡೂ ತುದಿಯ ಬ್ಯಾಟಿಂಗ್ ಗೆರೆಗಳ ನಡುವಿನ ಅಂತರ 17.68 ಮೀಟರ್. ಗಂಟೆಗೆ 140 ಕಿ.ಮೀ. ವೇಗದ ಚೆಂಡು ಈ ದೂರವನ್ನು, ಗಾಳಿಯ ತಡೆ ಹಾಗೂ ನೆಲದ ಪುಟಿತವನ್ನು ಲೆಕ್ಕಿಸದಿದ್ದರೆ, ಸುಮಾರು 0.45 ಸೆಕೆಂಡಿನಲ್ಲಿ ಕ್ರಮಿಸುತ್ತದೆ. 90 ಕಿ.ಮೀ. ವೇಗದ ಸ್ಪಿನ್ ಎಸೆತಕ್ಕೆ ಸುಮಾರು 0.7 ಸೆಕೆಂಡು ಬೇಕು. ಕಣ್ಣು ಕಂಡದ್ದಕ್ಕೆ ಕೈ ಸ್ಪಂದಿಸಲು ಮನುಷ್ಯನಿಗೆ ಸುಮಾರು 0.2 ಸೆಕೆಂಡು ಹಿಡಿಯುತ್ತದೆ.

ಹೀಗಾಗಿ ಬ್ಯಾಟ್ಸ್‌ಮನ್ ಚೆಂಡಿನ ಪಯಣವನ್ನು ಪೂರ್ತಿಯಾಗಿ ನೋಡಿ ನಿರ್ಧರಿಸುವುದು ಸಾಧ್ಯವಿಲ್ಲ. ಬೌಲರ್‌ನ ಓಟ, ಭುಜದ ತಿರುವು, ಮಣಿಕಟ್ಟಿನ ಕೋನ, ಚೆಂಡು ಕೈಬಿಟ್ಟ ಎತ್ತರ ಇವುಗಳಿಂದಲೇ ಚೆಂಡು ಎಲ್ಲಿ ಬೀಳಬಹುದು, ಯಾವಾಗ ಬರಬಹುದು ಎಂಬುದನ್ನು ಅವನು ಮೊದಲೇ ಅಂದಾಜು ಮಾಡುತ್ತಾನೆ. ಸಾವಿರಾರು ಎಸೆತಗಳನ್ನು ಎದುರಿಸಿ ಗಳಿಸಿದ ಈ ಅಂದಾಜು ಸಾಮಾನ್ಯ ಶೈಲಿಯ ಬೌಲರ್‌ಗಳ ವಿಷಯದಲ್ಲಿ ಸರಿಯಾಗಿಯೇ ಇರುತ್ತದೆ. ವಿಲಕ್ಷಣ ಶೈಲಿಯವನ ಎದುರು ಅದೇ ಅಭ್ಯಾಸ ಬ್ಯಾಟ್ಸ್‌ಮನ್‌ನ ಶತ್ರುವಾಗುತ್ತದೆ.

ಮೈಸೂರಿನ ಚಂದ್ರ

ಇದಕ್ಕೆ ಭಾರತೀಯ ಕ್ರಿಕೆಟ್‌ನಲ್ಲಿ ಚಂದ್ರಶೇಖರ್ ಅವರಿಗಿಂತ ದೊಡ್ಡ ನಿದರ್ಶನವಿಲ್ಲ. 1945ರ ಮೇ 17ರಂದು ಮೈಸೂರಿನಲ್ಲಿ ಜನಿಸಿದ ಅವರಿಗೆ ಬಾಲ್ಯದಲ್ಲಿಯೇ ಪೋಲಿಯೋ ತಗುಲಿ ಬಲಗೈ ಸೊರಗಿತು. ಮೈದಾನದಲ್ಲಿ ಚೆಂಡನ್ನು ವಿಕೆಟ್‌ಕೀಪರ್‌ಗೆ ಹಿಂದಿರುಗಿಸಲು ಅವರು ಎಡಗೈ ಬಳಸುತ್ತಿದ್ದರು. ಆದರೆ ಬೌಲಿಂಗ್‌ಗೆ ಆರಿಸಿಕೊಂಡದ್ದು ಸೊರಗಿದ ಬಲಗೈಯನ್ನೇ.

ಆ ತೋಳು ಚಾವಟಿಯಂತೆ ಬಳುಕುತ್ತಿತ್ತು. ಉದ್ದನೆಯ ಓಟದಿಂದ ಬರುತ್ತಿದ್ದ ಚಂದ್ರಶೇಖರ್ ಅವರ ಗೂಗ್ಲಿ ಹಾಗೂ ಟಾಪ್‌ಸ್ಪಿನ್ನರ್‌ಗಳಿಗೆ ಸ್ಪಿನ್ನರ್‌ಗಳಲ್ಲಿ ಕಾಣದ ವೇಗವಿತ್ತು. ಸ್ಪಿನ್ ಬೌಲರ್ ಎಂದು ಸಿದ್ಧನಾಗಿ ನಿಂತ ಬ್ಯಾಟ್ಸ್‌ಮನ್ ಬ್ಯಾಟು ಕೆಳಗಿಳಿಸುವ ಮೊದಲೇ ಚೆಂಡು ಗೂಟಕ್ಕೆ ಬಡಿದಿರುತ್ತಿತ್ತು. ಯಾವ ಎಸೆತ ಯಾವ ಕಡೆಗೆ ತಿರುಗುವುದೆಂಬುದು ಕೆಲವೊಮ್ಮೆ ಅವರಿಗೂ ನಿಶ್ಚಿತವಿರಲಿಲ್ಲ ಎಂಬ ಮಾತು ಅವರ ಕಾಲದಲ್ಲಿ ಪ್ರಚಲಿತವಾಗಿತ್ತು.

1964ರ ಜನವರಿಯಲ್ಲಿ ಇಂಗ್ಲೆಂಡ್ ವಿರುದ್ಧ ಮುಂಬೈಯಲ್ಲಿ ಟೆಸ್ಟ್ ಪದಾರ್ಪಣೆ ಮಾಡಿದಾಗ ಅವರಿಗೆ 18 ವರ್ಷ. 1971ರ ಆಗಸ್ಟ್‌ನಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ ಎರಡನೇ ಇನಿಂಗ್ಸ್‌ನಲ್ಲಿ 38 ರನ್‌ಗೆ 6 ವಿಕೆಟ್ ಕಿತ್ತು ಇಂಗ್ಲೆಂಡನ್ನು 101 ರನ್‌ಗೆ ಕಟ್ಟಿಹಾಕಿದರು. ಅಜಿತ್ ವಾಡೇಕರ್ ನಾಯಕತ್ವದ ಭಾರತ ಆ ಪಂದ್ಯವನ್ನು 4 ವಿಕೆಟ್‌ಗಳಿಂದ ಗೆದ್ದು, ಇಂಗ್ಲೆಂಡ್ ನೆಲದಲ್ಲಿ ಮೊದಲ ಟೆಸ್ಟ್ ಹಾಗೂ ಮೊದಲ ಸರಣಿ ಜಯವನ್ನು ಒಟ್ಟಿಗೇ ದಾಖಲಿಸಿತು. ಆ ವರ್ಷ ಡರ್ಬಿ ಗೆದ್ದಿದ್ದ ಮಿಲ್ ರೀಫ್ ಎಂಬ ಕುದುರೆಯ ಹೆಸರನ್ನು ಹೇಳಿ, ಅಂಥದ್ದೊಂದು ವೇಗದ ಎಸೆತ ಹಾಕುವಂತೆ ದಿಲೀಪ್ ಸರ್ದೇಸಾಯಿ ಸೂಚಿಸಿದರೆಂದೂ, ಜಾನ್ ಎಡ್ರಿಚ್ ಅದಕ್ಕೆ ಬೌಲ್ಡ್ ಆದರೆಂದೂ ಹೇಳುವ ಪ್ರಸಂಗ ಕ್ರಿಕೆಟ್ ವಲಯದಲ್ಲಿ ಪ್ರಸಿದ್ಧ.

ಆಸ್ಟ್ರೇಲಿಯಾದಲ್ಲಿ ಭಾರತ ಮೊದಲ ಟೆಸ್ಟ್ ಗೆದ್ದದ್ದೂ ಅವರ ಬಲದಿಂದಲೇ. 1978ರ ಜನವರಿಯಲ್ಲಿ ಮುಗಿದ ಮೆಲ್ಬರ್ನ್ ಟೆಸ್ಟ್‌ನ ಎರಡೂ ಇನಿಂಗ್ಸ್‌ಗಳಲ್ಲಿ ಅವರು 52 ರನ್‌ಗೆ 6 ವಿಕೆಟ್ ಪಡೆದರು. ಭಾರತ 222 ರನ್‌ಗಳಿಂದ ಗೆದ್ದಿತು. 58 ಟೆಸ್ಟ್‌ಗಳಲ್ಲಿ 242 ವಿಕೆಟ್ ಗಳಿಸಿದ ಚಂದ್ರಶೇಖರ್ ಬ್ಯಾಟಿನಿಂದ ಗಳಿಸಿದ್ದು 167 ರನ್ ಮಾತ್ರ. ರನ್‌ಗಳಿಗಿಂತ ವಿಕೆಟ್‌ಗಳೇ ಹೆಚ್ಚಿರುವ ಅಪರೂಪದ ದಾಖಲೆ ಇದು.

ವೇಗ, ತಿರುವು, ನಿಖರತೆ ಎಂಬ ಮೂರು ಅಂಕಿಗಳಲ್ಲಿ ಈ ಬೌಲರ್‌ನನ್ನು ಹಿಡಿದಿಡಲು ಯತ್ನಿಸಿದರೆ ಆಗುವುದೇನು? ವೇಗದ ಬೌಲರ್‌ಗಳ ಸಾಲಿನಲ್ಲಿ ವೇಗ ಕಡಿಮೆ, ಸ್ಪಿನ್ನರ್‌ಗಳ ಸಾಲಿನಲ್ಲಿ ನಿಖರತೆ ಕಡಿಮೆ. ಕೋಷ್ಟಕ ನೋಡಿ ತಂಡ ಕಟ್ಟುವವರು ಅವರನ್ನು ದಾಟಿ ಮುಂದೆ ಹೋಗುವ ಸಾಧ್ಯತೆಯೇ ಹೆಚ್ಚು.

ತಿರುಗದ ಲೆಗ್‌ಸ್ಪಿನ್

1970ರ ಅಕ್ಟೋಬರ್ 17ರಂದು ಬೆಂಗಳೂರಿನಲ್ಲಿ ಜನಿಸಿದ ಅನಿಲ್ ಕುಂಬ್ಳೆ ಅವರ ಮನೆತನದ ಹೆಸರು ಕಾಸರಗೋಡು ಜಿಲ್ಲೆಯ ಕುಂಬಳೆಯಿಂದ ಬಂದದ್ದು. ಬಾಲ್ಯದಲ್ಲಿ ಮಧ್ಯಮ ವೇಗಿಯಾಗಿದ್ದು ನಂತರ ಲೆಗ್‌ಸ್ಪಿನ್‌ಗೆ ಹೊರಳಿದ ಅವರಲ್ಲಿ ವೇಗಿಯ ಗುಣಗಳು ಉಳಿದುಕೊಂಡವು. ಎತ್ತರದ ನಿಲುವು, ಮೇಲಿನಿಂದ ಬರುವ ತೋಳು, ನೆಲಕ್ಕೆ ಬಡಿದೊಡನೆ ಎದ್ದು ನುಗ್ಗುವ ಚೆಂಡು ಇವು ಅವರ ಬೌಲಿಂಗ್‌ನ ಲಕ್ಷಣಗಳು. ಲೆಗ್‌ಸ್ಪಿನ್ನರ್ ಎಂದರೆ ಚೆಂಡು ಮೊಳದುದ್ದ ತಿರುಗಬೇಕೆಂದು ನಂಬಿದ್ದವರಿಗೆ 1990ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಪದಾರ್ಪಣೆ ಮಾಡಿದ ಈ ಕನ್ನಡಕಧಾರಿ ಯುವಕ ಅನುಮಾನದ ವಸ್ತುವಾಗಿದ್ದರು.

1999ರ ಫೆಬ್ರವರಿ 7ರಂದು ದೆಹಲಿಯ ಫಿರೋಜ್ ಷಾ ಕೋಟ್ಲಾ ಮೈದಾನದಲ್ಲಿ ಪಾಕಿಸ್ತಾನದ ಎರಡನೇ ಇನಿಂಗ್ಸ್‌ನ ಹತ್ತೂ ವಿಕೆಟ್‌ಗಳನ್ನು 74 ರನ್‌ಗೆ ಕಬಳಿಸಿ ಅವರು ಉತ್ತರ ಕೊಟ್ಟರು. 1956ರಲ್ಲಿ ಇಂಗ್ಲೆಂಡ್‌ನ ಜಿಮ್ ಲೇಕರ್ ಮಾಡಿದ್ದ ಸಾಧನೆಯನ್ನು ಸರಿಗಟ್ಟಿದ ಮೊದಲಿಗರು ಕುಂಬ್ಳೆ. ಮೂರನೆಯವರು 2021ರಲ್ಲಿ ಮುಂಬೈಯಲ್ಲಿ ಈ ಸಾಧನೆ ಮಾಡಿದ ನ್ಯೂಜಿಲೆಂಡ್‌ನ ಏಜಾಜ್ ಪಟೇಲ್. 2008ರಲ್ಲಿ ನಿವೃತ್ತರಾಗುವ ಹೊತ್ತಿಗೆ ಕುಂಬ್ಳೆ 132 ಟೆಸ್ಟ್ ಆಡಿದ್ದರು.

ಚಂದ್ರಶೇಖರ್ ಅವರದ್ದು ಕಣ್ಣಿಗೆ ಕಾಣುವ ವಿಲಕ್ಷಣತೆ. ಕುಂಬ್ಳೆ ಅವರದ್ದು ನಿರೀಕ್ಷೆಯ ವಿಲಕ್ಷಣತೆ. ತಿರುಗುವುದೆಂದು ಕಾದವನಿಗೆ ಚೆಂಡು ನೇರವಾಗಿ ಬಂದರೆ ಅದೂ ಒಂದು ಬಗೆಯ ತಿರುವೇ ಸರಿ. ಗೇಮ್ ಆಡುವವರು ನೆನಪಿಡಬೇಕಾದ ಮೊದಲ ಪಾಠ ಇದು.

ಮನೆಯೊಳಗಿನ ಆಟದಲ್ಲಿ ಹುಟ್ಟಿದ ಎಸೆತಗಳು

ವಿಡಿಯೋ ಗೇಮ್ ಮನೆಯೊಳಗಿನ ಆಟ, ಅದಕ್ಕೂ ಮೈದಾನದ ಬೌಲಿಂಗ್‌ಗೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಕ್ರಿಕೆಟ್‌ನ ಕೆಲವು ವಿಲಕ್ಷಣ ಎಸೆತಗಳು ಮನೆಯೊಳಗಿನ ಆಟಗಳಿಂದಲೇ ಬಂದವು ಎಂಬುದು ಕುತೂಹಲದ ಸಂಗತಿ.

ಗೂಗ್ಲಿಯ ಜನಕ ಎನಿಸಿಕೊಂಡ ಇಂಗ್ಲೆಂಡ್‌ನ ಬರ್ನಾರ್ಡ್ ಬೋಸಾಂಕೆ ಅದನ್ನು ಕಂಡುಕೊಂಡದ್ದು 1890ರ ದಶಕದ ಕೊನೆಯಲ್ಲಿ, 'ಟ್ವಿಸ್ಟಿ ಟ್ವಾಸ್ಟಿ' ಎಂಬ ಮೇಜಿನಾಟದಲ್ಲಿ. ಎದುರು ಕುಳಿತವನಿಗೆ ಸಿಗದಂತೆ ಟೆನಿಸ್ ಚೆಂಡನ್ನು ಮೇಜಿನ ಮೇಲೆ ಪುಟಿಸುವುದು ಆ ಆಟದ ಗುರಿಯಾಗಿತ್ತು. ಆಸ್ಟ್ರೇಲಿಯಾದ ಜಾಕ್ ಐವರ್ಸನ್ ಎರಡನೇ ಮಹಾಯುದ್ಧದ ಕಾಲದಲ್ಲಿ ಸೇನೆಯಲ್ಲಿದ್ದಾಗ ಟೇಬಲ್ ಟೆನಿಸ್ ಚೆಂಡನ್ನು ಹೆಬ್ಬೆರಳು ಹಾಗೂ ಮಡಿಸಿದ ನಡುಬೆರಳಿನ ನಡುವೆ ಹಿಡಿದು ಚಿಮ್ಮಿಸುವ ರೀತಿಯನ್ನು ರೂಢಿಸಿಕೊಂಡರು. 1950-51ರ ಆಶಸ್ ಸರಣಿಯ ಐದು ಟೆಸ್ಟ್‌ಗಳಲ್ಲಿ ಅದೇ ಹಿಡಿತದಿಂದ 21 ವಿಕೆಟ್ ಪಡೆದರು. ಶ್ರೀಲಂಕಾದ ಅಜಂತಾ ಮೆಂಡಿಸ್ ಅವರಿಂದ 2008ರಲ್ಲಿ ಪ್ರಸಿದ್ಧಿಗೆ ಬಂದ ಎಸೆತಕ್ಕೆ ಕೇರಂ ಚೆಂಡು ಎಂದೇ ಹೆಸರು. ಕೇರಂ ಬೋರ್ಡಿನ ಮೇಲೆ ಸ್ಟ್ರೈಕರನ್ನು ಹೊಡೆಯುವಂತೆ ನಡುಬೆರಳಿನಿಂದ ಚೆಂಡನ್ನು ಚಿಮ್ಮಿಸುವ ಎಸೆತ ಅದು.

ಬೇಸ್‌ಬಾಲ್ ಕೊಡುವ ಪಾಠ

ವಿಲಕ್ಷಣ ಎಸೆತಗಾರರ ಬಳಕೆಯಲ್ಲಿ ಕ್ರಿಕೆಟ್‌ಗಿಂತ ಮುಂದಿರುವುದು ಅಮೆರಿಕದ ಬೇಸ್‌ಬಾಲ್. ಅಲ್ಲಿ ಚೆಂಡೆಸೆಯುವವನನ್ನು ಪಿಚರ್ ಎನ್ನುತ್ತಾರೆ. ಅವನು ನಿಲ್ಲುವ ಜಾಗದಿಂದ ಬ್ಯಾಟ್ಸ್‌ಮನ್ ಬಳಿಯ ಗುರುತಿಗೆ 18.44 ಮೀಟರ್. ಚೆಂಡು ನೆಲಕ್ಕೆ ಪುಟಿಯದೆ ನೇರವಾಗಿ ಬರುವುದರಿಂದ ಅದನ್ನು ಬಿಡುವ ಕೋನ ಮತ್ತು ವೇಗದ ಬದಲಾವಣೆಗಳಿಗೆ ಅಲ್ಲಿ ಇನ್ನೂ ಹೆಚ್ಚಿನ ಬೆಲೆ.

ಅಲ್ಲಿನ ವಿಲಕ್ಷಣರಲ್ಲಿ ಎರಡು ವರ್ಗ ಮುಖ್ಯ. ಒಂದು, ನಕಲ್‌ಬಾಲ್ ಎಸೆಯುವವರು. ಬೆರಳ ತುದಿಗಳಿಂದ ಚೆಂಡನ್ನು ಹಿಡಿದು, ಅದು ಬಹುತೇಕ ತಿರುಗದಂತೆ ಬಿಡುವುದು ಇದರ ಗುಟ್ಟು. ತಿರುಗದ ಚೆಂಡು ಗಾಳಿಯಲ್ಲಿ ಅತ್ತಿತ್ತ ಓಲಾಡುತ್ತ ಬರುತ್ತದೆ. ಗಂಟೆಗೆ 150 ಕಿ.ಮೀ. ವೇಗದ ಎಸೆತ ಸುಮಾರು 0.4 ಸೆಕೆಂಡಿನಲ್ಲಿ ತಲುಪಿದರೆ, 110 ಕಿ.ಮೀ. ವೇಗದ ನಕಲ್‌ಬಾಲ್‌ಗೆ ಸುಮಾರು 0.55 ಸೆಕೆಂಡು ಬೇಕು. ಆ ಅಂತರದಲ್ಲಿ ಬ್ಯಾಟ್ಸ್‌ಮನ್ ಅವಸರಪಟ್ಟು ಗಾಳಿಗೆ ಬ್ಯಾಟು ಬೀಸಿರುತ್ತಾನೆ. ಫಿಲ್ ನೀಕ್ರೋ ಈ ಎಸೆತವನ್ನು ನೆಚ್ಚಿ 1987ರವರೆಗೆ, ತಮ್ಮ 48ನೇ ವಯಸ್ಸಿನವರೆಗೆ ಆಡಿ 318 ಪಂದ್ಯಗಳನ್ನು ಗೆದ್ದರು. ಬಲ ಮೊಣಕೈಯಲ್ಲಿ ಇರಬೇಕಾದ ಪ್ರಮುಖ ಅಸ್ಥಿರಜ್ಜುವೊಂದು ಇಲ್ಲದಿದ್ದ ಆರ್.ಎ. ಡಿಕಿ ನಕಲ್‌ಬಾಲ್‌ನ ಬಲದಿಂದಲೇ 2012ರಲ್ಲಿ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಪಡೆದರು.

ಎರಡನೆಯ ವರ್ಗ, ತೋಳನ್ನು ಸೊಂಟಕ್ಕಿಂತ ಕೆಳಗಿಳಿಸಿ ನೆಲದ ಹತ್ತಿರದಿಂದ ಚೆಂಡು ಬಿಡುವವರದ್ದು. ಇವರನ್ನು ಸಬ್‌ಮರೀನ್ ಪಿಚರ್‌ಗಳೆಂದು ಕರೆಯುತ್ತಾರೆ. ಕಾನ್ಸಾಸ್ ಸಿಟಿ ತಂಡದ ಡ್ಯಾನ್ ಕ್ವಿಸೆನ್‌ಬೆರಿ 1983ರಲ್ಲಿ ಇದೇ ಶೈಲಿಯಲ್ಲಿ 45 ಪಂದ್ಯಗಳ ಗೆಲುವನ್ನು ಕೊನೆಯ ಹಂತದಲ್ಲಿ ಕಾಯ್ದುಕೊಟ್ಟು ಅಂದಿನ ದಾಖಲೆ ನಿರ್ಮಿಸಿದ್ದರು. ಓಕ್ಲೆಂಡ್ ತಂಡದ ಚಾಡ್ ಬ್ರಾಡ್‌ಫರ್ಡ್ ಅವರ ಕಥೆ 2003ರಲ್ಲಿ ಪ್ರಕಟವಾದ ಮೈಕೆಲ್ ಲೂಯಿಸ್ ಅವರ 'ಮನಿಬಾಲ್' ಕೃತಿಯಲ್ಲಿ ವಿವರವಾಗಿ ಬಂದಿದೆ. ನೋಡಲು ಪಿಚರ್‌ನಂತೆ ಕಾಣುವುದಿಲ್ಲ, ವೇಗವಿಲ್ಲ ಎಂಬ ಕಾರಣಕ್ಕೆ ಉಳಿದವರು ಕಡೆಗಣಿಸಿದ್ದ ಅವರನ್ನು ಓಕ್ಲೆಂಡ್ ಕಡಿಮೆ ಬೆಲೆಗೆ ಪಡೆಯಿತು. ಎದುರಾಳಿಗಳನ್ನು ಅವರು ಎಷ್ಟು ಬಾರಿ ಔಟ್ ಮಾಡುತ್ತಾರೆಂಬುದನ್ನಷ್ಟೇ ಆ ತಂಡ ನೋಡಿತ್ತು.

ಗೇಮ್ ಬೌಲರ್‌ನನ್ನು ಕಟ್ಟುವ ರೀತಿ

ಇನ್ನು ಪರದೆಯ ಕಡೆಗೆ ಬರೋಣ. ಕರ್ನಾಟಕದ ಸೈಬರ್ ಕೆಫೆಗಳ ಕಾಲದಲ್ಲಿ ಯುವಕರಿಗೆ ಪರಿಚಿತವಾಗಿದ್ದುದು 2006ರ ಕೊನೆಯಲ್ಲಿ ಬಂದ ಇಎ ಸ್ಪೋರ್ಟ್ಸ್‌ನ 'ಕ್ರಿಕೆಟ್ 07'. ಅದರ ಬೆನ್ನಿಗೇ ಕೋಡ್‌ಮಾಸ್ಟರ್ಸ್ ಸಂಸ್ಥೆಯ 'ಬ್ರಯಾನ್ ಲಾರಾ ಇಂಟರ್‌ನ್ಯಾಷನಲ್ ಕ್ರಿಕೆಟ್ 2007' ಬಂದಿತು. 2014ರಲ್ಲಿ ಮೆಲ್ಬರ್ನ್‌ನ ಬಿಗ್ ಆ್ಯಂಟ್ ಸ್ಟುಡಿಯೋಸ್ 'ಡಾನ್ ಬ್ರಾಡ್ಮನ್ ಕ್ರಿಕೆಟ್ 14' ಹೊರತಂದು, ಆಡುವವರೇ ಹೊಸ ಆಟಗಾರರನ್ನು ರೂಪಿಸಿಕೊಳ್ಳಲು ಅವಕಾಶ ಕೊಟ್ಟಿತು. ಮೊಬೈಲ್‌ನಲ್ಲಿ ಚೆನ್ನೈನ ನೆಕ್ಸ್ಟ್‌ವೇವ್ ಮಲ್ಟಿಮೀಡಿಯಾ ಸಂಸ್ಥೆಯ 'ವರ್ಲ್ಡ್ ಕ್ರಿಕೆಟ್ ಚಾಂಪಿಯನ್‌ಶಿಪ್' ಮನೆಮಾತಾಯಿತು. ಬೇಸ್‌ಬಾಲ್‌ನಲ್ಲಿ ಸೋನಿ ಸಂಸ್ಥೆಯ 'ಎಂಎಲ್‌ಬಿ ದ ಷೋ' ಸರಣಿ 2006ರಿಂದ ನಡೆದುಬಂದಿದೆ.

ಇಂಥ ಗೇಮ್‌ಗಳಲ್ಲಿ ಬೌಲರ್ ಎಂಬುವನು ಮೂರು ಪದರಗಳಿಂದ ಆದವನು. ಮೊದಲನೆಯದು ಅವನ ಅಂಕಿಗಳು. ಎರಡನೆಯದು ಅವನ ಚಲನೆಯ ಚಿತ್ರಣ, ಅಂದರೆ ಓಡಿಬರುವ ಮತ್ತು ತೋಳು ಬೀಸುವ ದೃಶ್ಯ. ಮೂರನೆಯದು ಆಡುವವನು ಗುಂಡಿ ಒತ್ತಿ ನಿರ್ಧರಿಸುವ ದಿಕ್ಕು, ಅಳತೆ ಹಾಗೂ ವೇಗ.

ವಿಲಕ್ಷಣ ಶೈಲಿಯವರ ವಿಷಯದಲ್ಲಿ ತೊಡಕು ಬರುವುದು ಎರಡನೇ ಪದರದಲ್ಲಿ. ಮೈದಾನದಲ್ಲಿ ತೋಳಿನ ಚಲನೆಯೇ ಚೆಂಡಿನ ಹಾದಿಗೆ ಕಾರಣ. ಗೇಮ್‌ನಲ್ಲಿ ಚಲನೆ ಕೇವಲ ಅಲಂಕಾರವಾಗಿದ್ದು, ಚೆಂಡಿನ ಹಾದಿಯನ್ನು ಅಂಕಿಗಳೇ ತೀರ್ಮಾನಿಸುವುದುಂಟು. ಚೆಂಡು ಎಲ್ಲಿ ಬೀಳುವುದೆಂಬ ಗುರುತು ಪಿಚ್ ಮೇಲೆ ಮೊದಲೇ ಕಾಣಿಸಿಕೊಂಡರೆ ಬ್ಯಾಟ್ಸ್‌ಮನ್ ಬೌಲರ್‌ನ ಕೈ ನೋಡುವ ಅಗತ್ಯವೇ ಇರುವುದಿಲ್ಲ. ಚೆಂಡು ಕೈಬಿಡುವ ಜಾಗವನ್ನು ಗೇಮ್ ನಿಜವಾಗಿ ಲೆಕ್ಕಕ್ಕೆ ತೆಗೆದುಕೊಂಡರೆ ಮಾತ್ರ ಮಾಲಿಂಗ ಶೈಲಿಯ ಬೌಲರ್‌ನ ಎಸೆತ ಪರದೆಯಲ್ಲಿಯೂ ಬೇರೆ ಕೋನದಿಂದ ಬರುತ್ತದೆ.

ಎದುರಾಳಿ ಯಾರು ಎಂಬುದು ಇನ್ನೊಂದು ಮುಖ್ಯ ಪ್ರಶ್ನೆ. ಗಣಕವೇ ಬ್ಯಾಟ್ ಮಾಡುತ್ತಿದ್ದರೆ ಅದಕ್ಕೆ ಕಣ್ಣಿಲ್ಲ, ಅಭ್ಯಾಸಬಲವಿಲ್ಲ, ಅಚ್ಚರಿಯೂ ಇಲ್ಲ. ಎಸೆತದ ಅಂಕಿಯನ್ನೂ ಬ್ಯಾಟ್ಸ್‌ಮನ್‌ನ ಅಂಕಿಯನ್ನೂ ತೂಗಿ ಅದು ಫಲಿತಾಂಶ ಕೊಡುತ್ತದೆ. ಆಗ ವಿಲಕ್ಷಣ ಬೌಲರ್ ತನ್ನ ಅರ್ಧ ಬಲವನ್ನು ಕಳೆದುಕೊಂಡಂತೆ. ಎದುರಿಗೆ ಗೆಳೆಯನೋ ಸಹೋದರನೋ ನಿಯಂತ್ರಕ ಹಿಡಿದು ಕುಳಿತಿದ್ದರೆ ಮೈದಾನದ ನಿಯಮವೇ ಮರಳಿ ಜಾರಿಗೆ ಬರುತ್ತದೆ. ಅವನ ಬೆರಳು ಗುಂಡಿ ಒತ್ತುವುದು ಅಭ್ಯಾಸದ ಲಯಕ್ಕೆ. ಆ ಲಯ ಮುರಿದರೆ ವಿಕೆಟ್ ಬೀಳುತ್ತದೆ.

ಬಳಸುವ ಬಗೆ

ಈ ಹಿನ್ನೆಲೆಯಲ್ಲಿ, ವಿಲಕ್ಷಣ ಶೈಲಿಯ ಬೌಲರ್‌ನನ್ನು ಗೇಮ್‌ನಲ್ಲಿ ಬಳಸುವಾಗ ಗಮನಿಸಬೇಕಾದ ಅಂಶಗಳು ಹೀಗಿವೆ.

1. ಮೊದಲು ಸಾಮಾನ್ಯ, ಆಮೇಲೆ ವಿಲಕ್ಷಣ. ಎದುರಾಳಿಯ ಬೆರಳಿಗೆ ಒಂದು ಲಯ ಕೂರುವ ಮೊದಲು ಅದನ್ನು ಮುರಿಯಲಾಗದು. ಇಬ್ಬರು ಸಾಮಾನ್ಯ ವೇಗಿಗಳಿಂದ ಕೆಲವು ಓವರ್ ಮಾಡಿಸಿ, ಲಯ ಕುದುರಿದ ಹೊತ್ತಿಗೆ ವಿಲಕ್ಷಣ ಬೌಲರ್‌ನನ್ನು ತರುವುದು ಲೇಸು.

2. ಚಿಕ್ಕ ಸರದಿ. ಒಂದೇ ಶೈಲಿಯನ್ನು ಐದಾರು ಓವರ್ ಸತತವಾಗಿ ಕಂಡರೆ ಎದುರಾಳಿ ಅದಕ್ಕೂ ಹೊಂದಿಕೊಳ್ಳುತ್ತಾನೆ. ಒಂದೆರಡು ಓವರ್ ಕೊಟ್ಟು ನಿಲ್ಲಿಸಿ, ಹೊಸ ಬ್ಯಾಟ್ಸ್‌ಮನ್ ಬಂದಾಗ ಮತ್ತೆ ಕರೆಯಬೇಕು. ಬೇಸ್‌ಬಾಲ್‌ನಲ್ಲಿ ಒಮ್ಮೆ ಹೊರಗೆ ಹೋದ ಪಿಚರ್ ಆ ಪಂದ್ಯಕ್ಕೆ ಮರಳುವಂತಿಲ್ಲ. ಆದ್ದರಿಂದ ಅಲ್ಲಿ ಅವನನ್ನು ಕೊನೆಯ ಹಂತಕ್ಕೆ ಉಳಿಸಿಕೊಳ್ಳುವುದು ರೂಢಿ. ಕ್ರಿಕೆಟ್ ಈ ವಿಷಯದಲ್ಲಿ ಉದಾರ.

3. ವೇಗದ ಅಂತರವೇ ಬಂಡವಾಳ. ವಿಲಕ್ಷಣ ಬೌಲರ್‌ನಿಂದ ಅವನ ಗರಿಷ್ಠ ವೇಗವನ್ನೇ ಪ್ರತಿ ಬಾರಿ ಹಿಂಡುವುದು ತಪ್ಪು. ನಾಲ್ಕು ನಿಧಾನದ ಎಸೆತಗಳ ನಡುವೆ ಬರುವ ಒಂದು ವೇಗದ ಎಸೆತಕ್ಕೆ ಹೆಚ್ಚಿನ ಬೆಲೆ ಇದೆ. ಓವಲ್‌ನಲ್ಲಿ ಎಡ್ರಿಚ್‌ಗೆ ಬಿದ್ದದ್ದು ಅಂಥದ್ದೇ ಚೆಂಡು.

4. ಗೂಟದ ನೇರಕ್ಕೆ ಗುರಿ. ಗೇಲಿಗೆ ಈಡಾದ 'ತಿರುಗದ' ಎಸೆತ ಕುಂಬ್ಳೆಗೆ ಎಲ್‌ಬಿಡಬ್ಲ್ಯು ಹಾಗೂ ಬೌಲ್ಡ್ ರೂಪದಲ್ಲಿ ಫಲ ಕೊಟ್ಟಿತು. ಎದುರಾಳಿ ತಪ್ಪು ಮಾಡುವನೆಂಬ ಭರವಸೆಯಿಂದ ಎಸೆಯುವಾಗ, ಅವನು ತಪ್ಪಿದರೆ ಚೆಂಡು ಗೂಟಕ್ಕೆ ಬಡಿಯುವಂತಿರಬೇಕು.

5. ಎಡಗೈ, ಬಲಗೈ ಲೆಕ್ಕ. ತೋಳನ್ನು ಬದಿಗೆ ಚಾಚಿ ಎಸೆಯುವ ಬಲಗೈ ಪಿಚರ್‌ಗಳು ಬಲಗೈ ಬ್ಯಾಟ್ಸ್‌ಮನ್‌ಗಳಿಗೆ ಹೆಚ್ಚು ತೊಂದರೆ ಕೊಡುತ್ತಾರೆ, ಎಡಗೈಯವರಿಗೆ ಅವರ ಕೈ ಸ್ಪಷ್ಟವಾಗಿ ಕಾಣುತ್ತದೆ ಎಂಬುದು ಬೇಸ್‌ಬಾಲ್‌ನ ಅನುಭವ. ಕವಣೆ ಶೈಲಿಯ ಬೌಲರ್‌ಗಳನ್ನು ಬಳಸುವಾಗಲೂ ಎದುರಿಗಿರುವವನ ಕೈ ಯಾವುದೆಂದು ನೋಡುವುದು ಒಳಿತು.

6. ಜೋಡಿಯ ಆಯ್ಕೆ. ಚಂದ್ರಶೇಖರ್ ಅವರ ಯಶಸ್ಸಿನ ಹಿಂದೆ ಬಿಷನ್ ಸಿಂಗ್ ಬೇಡಿ, ಬೆಂಗಳೂರಿನ ಇ.ಎ.ಎಸ್. ಪ್ರಸನ್ನ ಹಾಗೂ ಎಸ್. ವೆಂಕಟರಾಘವನ್ ಅವರ ಶಾಸ್ತ್ರಬದ್ಧ ಸ್ಪಿನ್ ಇತ್ತು. ಒಂದು ತುದಿಯಲ್ಲಿ ಶಿಸ್ತು, ಇನ್ನೊಂದು ತುದಿಯಲ್ಲಿ ಒಗಟು ಇದ್ದಾಗ ಬ್ಯಾಟ್ಸ್‌ಮನ್‌ಗೆ ಎರಡು ಲೆಕ್ಕ ಹಾಕಬೇಕಾಗುತ್ತದೆ. ಹನ್ನೊಂದರಲ್ಲಿ ನಾಲ್ವರು ವಿಲಕ್ಷಣರನ್ನು ತುಂಬಿಕೊಂಡ ತಂಡಕ್ಕೆ ಈ ಲಾಭ ಸಿಗದು.

ಒಗಟಿನ ಆಯಸ್ಸು

ವಿಲಕ್ಷಣತೆಗೆ ಒಂದು ಮಿತಿಯೂ ಇದೆ. ಒಗಟು ಬಿಡಿಸಿದ ಮೇಲೆ ಅದು ಒಗಟಾಗಿ ಉಳಿಯುವುದಿಲ್ಲ. ಅಜಂತಾ ಮೆಂಡಿಸ್ 2008ರ ಜುಲೈ 6ರಂದು ಕರಾಚಿಯಲ್ಲಿ ನಡೆದ ಏಷ್ಯಾ ಕಪ್ ಫೈನಲ್‌ನಲ್ಲಿ ಭಾರತದ ವಿರುದ್ಧ 13 ರನ್‌ಗೆ 6 ವಿಕೆಟ್ ಪಡೆದರು. ಅದರ ಬೆನ್ನಿಗೇ ನಡೆದ ಮೂರು ಟೆಸ್ಟ್‌ಗಳ ಸರಣಿಯಲ್ಲಿ 26 ವಿಕೆಟ್ ಕಿತ್ತರು. ಆದರೆ ಎದುರಾಳಿ ತಂಡಗಳು ವಿಡಿಯೋ ನೋಡಿ ಅವರ ಬೆರಳುಗಳನ್ನು ಓದಲು ಕಲಿತ ಮೇಲೆ ಆ ಪ್ರಭಾವ ಕರಗಿತು. ಅವರ ಟೆಸ್ಟ್ ಬದುಕು 19 ಪಂದ್ಯ, 70 ವಿಕೆಟ್‌ಗಳಿಗೆ ಮುಗಿಯಿತು.

ಇದಕ್ಕೆ ಎದುರಾಗಿ ಚಂದ್ರಶೇಖರ್ 15 ವರ್ಷ ಟೆಸ್ಟ್ ಆಡಿದರು, ಕುಂಬ್ಳೆ 18 ವರ್ಷ. ಇಬ್ಬರೂ ಬರೀ ಅಚ್ಚರಿಯನ್ನು ನೆಚ್ಚಿಕೊಂಡವರಲ್ಲ. ಶೈಲಿ ಬ್ಯಾಟ್ಸ್‌ಮನ್‌ಗೆ ಪರಿಚಿತವಾದ ಮೇಲೂ ಚೆಂಡಿನ ಪುಟಿತ, ವೇಗ ಹಾಗೂ ನಿರಂತರ ಒತ್ತಡ ಅವರ ಕೈಯಲ್ಲಿ ಉಳಿದಿದ್ದವು. ಗೇಮ್‌ನಲ್ಲಿಯೂ ಹೀಗೆಯೇ. ಒಬ್ಬ ಗೆಳೆಯನ ವಿರುದ್ಧ ಹತ್ತು ಪಂದ್ಯ ಗೆದ್ದುಕೊಟ್ಟ ವಿಲಕ್ಷಣ ಬೌಲರ್ ಹನ್ನೊಂದನೆಯದರಲ್ಲಿ ದಂಡಿಸಿಕೊಂಡರೆ ಅಚ್ಚರಿಪಡಬೇಕಿಲ್ಲ. ಅವನ ಎರಡನೇ ಅಸ್ತ್ರ ಯಾವುದೆಂದು ಹುಡುಕುವ ಕಾಲ ಬಂದಿದೆ ಎಂದಷ್ಟೇ ಅದರ ಅರ್ಥ.

ಪರದೆಯಿಂದ ಊರಿನ ಅಂಗಳಕ್ಕೆ

ಈ ಚರ್ಚೆ ಗೇಮ್‌ಗಷ್ಟೇ ಸೀಮಿತವಾದುದಲ್ಲ. ಚಂದ್ರಶೇಖರ್ ಜನಿಸಿದ ಮೈಸೂರಿನಿಂದ ಗುಂಡ್ಲುಪೇಟೆಗೆ ಸುಮಾರು 60 ಕಿ.ಮೀ. ಆ ತಾಲ್ಲೂಕಿನ ಭೀಮನಬೀಡಿನಂಥ ಊರುಗಳು 1997ರಲ್ಲಿ ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾಗುವವರೆಗೂ ಮೈಸೂರು ಜಿಲ್ಲೆಗೇ ಸೇರಿದ್ದವು. ಇಂಥ ಊರುಗಳಲ್ಲಿ ಟೆನಿಸ್ ಚೆಂಡಿನಲ್ಲಿ ಆಟ ಕಲಿಯುವ ಹುಡುಗರಿಗೆ ತೋಳು ಹೇಗೆ ಸುತ್ತಬೇಕೆಂದು ಹೇಳಿಕೊಡುವವರು ಇರುವುದು ಕಡಿಮೆ. ಹಗುರ ಚೆಂಡಿಗೆ ವೇಗ ತುಂಬಲು ಒಬ್ಬ ತೋಳನ್ನು ಬದಿಗೆ ಬೀಸುತ್ತಾನೆ, ಇನ್ನೊಬ್ಬ ಬೆರಳು ಮಡಚಿ ಚಿಮ್ಮಿಸುತ್ತಾನೆ. ವಿಲಕ್ಷಣ ಶೈಲಿ ಹುಟ್ಟುವುದೇ ಹೀಗೆ.

ಅಂಥ ಹುಡುಗ ಆಯ್ಕೆ ಶಿಬಿರಕ್ಕೆ ಹೋದಾಗ ಎರಡು ಪ್ರಶ್ನೆಗಳನ್ನು ಕೇಳಬಹುದು. ವೇಗ ಅಳೆಯುವ ಯಂತ್ರ ಎಷ್ಟು ತೋರಿಸುತ್ತದೆ, ತೋಳು ಪುಸ್ತಕದಲ್ಲಿರುವಂತೆ ಸುತ್ತುತ್ತದೆಯೇ ಎಂಬುದು ಮೊದಲನೆಯದು. ಎದುರಿಗೆ ನಿಂತ ಬ್ಯಾಟ್ಸ್‌ಮನ್ ಎಷ್ಟು ಬಾರಿ ತಪ್ಪಿದ ಎಂಬುದು ಎರಡನೆಯದು. ಮೊಣಕೈ ನಿಯಮದೊಳಗಿದ್ದು, ದೇಹಕ್ಕೆ ಗಾಯದ ಅಪಾಯವಿಲ್ಲದಿದ್ದರೆ ಎರಡನೇ ಪ್ರಶ್ನೆಗೆ ಹೆಚ್ಚಿನ ತೂಕ ಸಿಗಬೇಕಾದುದು ನ್ಯಾಯ. 1960ರ ದಶಕದಲ್ಲಿ ಆಗಿನ ಮೈಸೂರು ರಾಜ್ಯದ ಆಯ್ಕೆಗಾರರು ಸೊರಗಿದ ತೋಳಿನ ಹುಡುಗನೊಬ್ಬನನ್ನು ಈ ಎರಡನೇ ಅಳತೆಗೋಲಿನಿಂದ ನೋಡಿದ್ದರಿಂದಲೇ 18ನೇ ವಯಸ್ಸಿಗೆ ಅವರಿಗೆ ಭಾರತ ತಂಡದ ಬಾಗಿಲು ತೆರೆಯಿತು. ಎಂಟು ವರ್ಷಗಳೊಳಗೆ ಓವಲ್‌ನ ಗೆಲುವು ಬಂದಿತು.

ಗೇಮ್ ತಯಾರಕರು ಅಂಕಿಗಳನ್ನು ಬಿಟ್ಟು ಆಟಗಾರನನ್ನು ರೂಪಿಸಲಾರರು. ಅದು ಅವರ ಮಾಧ್ಯಮದ ಮಿತಿ. ಆದರೆ ಗೇಮ್ ಆಡುವವರಿಗಾಗಲಿ, ಮೈದಾನದ ಆಯ್ಕೆಗಾರರಿಗಾಗಲಿ ಅಂಥ ಮಿತಿಯಿಲ್ಲ. ಕೋಷ್ಟಕದ ಕೆಳಸಾಲಿನಲ್ಲಿರುವ ಹೆಸರಿಗೆ ಒಂದೆರಡು ಓವರ್ ಕೊಟ್ಟು ನೋಡಿದರೆ ನಷ್ಟವೇನೂ ಇಲ್ಲ.